ಲಕೋಟೆಗಳನ್ನು ಎಸೆಯಬೇಡಿ

ಪ್ರಿಯ ಗೆಳತಿ,

ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಅಜ್ಜನಿಗೆ ಬಂದ ಪತ್ರಗಳನ್ನು ಆಧರಿಸಿ ಅವರ ಜೀವನಚರಿತ್ರೆ ಬರೆಯಲು ಹೊರಟ ನಿಮಗೆ, 'ಈ ಹಳೆಯ ಕಾಗದಗಳು ಯಾರಿಗೆ ಬೇಕು' ಎಂದ ಪ್ರಕಾಶಕರ ಮಾತು ಎಷ್ಟು ನೋವುಂಟುಮಾಡಿದೆ ಎಂಬುದು ನಿಮ್ಮ ಒಕ್ಕಣೆಯಿಂದಲೇ ತಿಳಿಯಿತು. ನನಗೆ ಬೇಕು, ಇನ್ನೂ ಕೆಲವರಿಗೆ ಬೇಕಾಗುತ್ತದೆ. ಆ ಮಾತನ್ನು ಅಲ್ಲಿಗೇ ಬಿಡಿ. ಭಾಷೆ, ಅಧ್ಯಾಯಗಳ ವಿಂಗಡಣೆ ಇವುಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಬರೆಯುತ್ತ ಬರೆಯುತ್ತ ನೀವೇ ಸರಿಪಡಿಸಿಕೊಳ್ಳುತ್ತೀರಿ. ಆದರೆ ಮುನ್ನುಡಿಯಲ್ಲಿ ಹೆಮ್ಮೆಯಿಂದ ಬರೆದಿರುವ ಒಂದು ಸಂಗತಿ ನನ್ನನ್ನು ಕಂಗೆಡಿಸಿತು. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಹೊರತೆಗೆದು, 'ಮಹತ್ವದ' ಪತ್ರಗಳನ್ನು ಬರೆದವರ ಹೆಸರಿನ ಪ್ರಕಾರ ಜೋಡಿಸಿ, ಲಕೋಟೆಗಳನ್ನೂ ಮನೆವಾರ್ತೆಯ ಚೀಟಿಗಳನ್ನೂ ಬೇರೊಂದು ಚೀಲಕ್ಕೆ ತುಂಬಿದ್ದೀರಂತೆ. ಆ ಚೀಲ ಇನ್ನೂ ಮನೆಯಲ್ಲಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಗುಜರಿಯವನ ಕೈಗೆ ಸಿಗದಂತೆ ಎತ್ತಿಡಿ.

ನೀವೇ ಉದ್ಧರಿಸಿರುವ ಒಂದು ಪತ್ರವನ್ನು ನೋಡಿ. ತಾರೀಖು ಇರಬೇಕಾದ ಜಾಗದಲ್ಲಿ 'ಶುಕ್ರವಾರ, ರಾತ್ರಿ' ಎಂದಷ್ಟೇ ಇದೆ. ಒಂದು ಶಿಲಾಶಾಸನದ ಮೂರನೆಯ ಸಾಲನ್ನು ನಿಮ್ಮ ಅಜ್ಜ ಓದಿದ ರೀತಿಯನ್ನು ಒಪ್ಪದೆ ಬರೆದ ಆ ಪತ್ರ, ಅಜ್ಜನ ಲೇಖನ ಅಚ್ಚಾಗುವ ಮೊದಲು ಬಂತೋ ಆಮೇಲೆ ಬಂತೋ ಎಂಬುದರ ಮೇಲೆ ನಿಮ್ಮ ಐದನೆಯ ಅಧ್ಯಾಯ ಪೂರ್ತಿ ನಿಂತಿದೆ. ಅದನ್ನು ಹೇಳಬಲ್ಲದ್ದು ಲಕೋಟೆಯ ಮೇಲಿನ ಅಂಚೆ ಮುದ್ರೆ. ಅದು ಮಸುಕಾಗಿದ್ದರೆ, ಆ ಕಾಗದ ಅಜ್ಜನ ಕಟ್ಟಿನಲ್ಲಿ ಯಾವುದರ ಪಕ್ಕದಲ್ಲಿತ್ತು ಎಂಬ ಸಂಗತಿ. ಎರಡನ್ನೂ ನೀವು ಅಚ್ಚುಕಟ್ಟುತನದ ಹೆಸರಿನಲ್ಲಿ ಕದಡಿಬಿಟ್ಟಿದ್ದೀರಿ. ಉತ್ತರ ಬರೆಯದೆ ಅಜ್ಜ ತಿಂಗಳುಗಟ್ಟಲೆ ಸುಮ್ಮನಿದ್ದುದನ್ನು 'ಅಭಿಮಾನ' ಎಂದು ವ್ಯಾಖ್ಯಾನಿಸಿದ್ದೀರಿ. ಔಷಧಿ ಅಂಗಡಿಯ ರಸೀದಿಗಳು ಆ ಚೀಲದಲ್ಲಿ ಇರಬಹುದಲ್ಲವೇ? ಯಾವುದು ಮುಖ್ಯ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಮುಂದೆ ಬಂದು ಕೇಳುವವರ ಪ್ರಶ್ನೆಗಳು ಇನ್ನೂ ಹುಟ್ಟಿಲ್ಲ.

ಕವಿ ಎ. ಕೆ. ರಾಮಾನುಜನ್ 1993ರಲ್ಲಿ ಷಿಕಾಗೋದಲ್ಲಿ ತೀರಿಕೊಂಡರು. ಅವರು ಪಾಠ ಹೇಳಿದ ವಿಶ್ವವಿದ್ಯಾಲಯದ ಗ್ರಂಥಾಲಯ ಅವರ ದಿನಚರಿ, ಟಿಪ್ಪಣಿ ಪುಸ್ತಕ, ಪತ್ರಗಳ ಜೊತೆಗೆ ತಿದ್ದಿ ತಿದ್ದಿ ಕೈಬಿಟ್ಟ ಕರಡುಗಳನ್ನೂ ಕಾದಿಟ್ಟುಕೊಂಡಿದೆ. ಹಾಗೆ ಉಳಿದದ್ದರಿಂದಲೇ 2019ರಲ್ಲಿ ಅವರ ದಿನಚರಿ ಪುಸ್ತಕವಾಗಿ ಬರಲು ಸಾಧ್ಯವಾಯಿತು. ಮೈಸೂರಿನಲ್ಲಿ ಹುಟ್ಟಿ ಕನ್ನಡದಲ್ಲೂ ಬರೆದ ಕವಿಯ ಕರಡು ನೋಡಲು ಅಷ್ಟು ದೂರ ಹೋಗಬೇಕಲ್ಲ ಎಂದು ಕೊರಗುವವರಿದ್ದಾರೆ. ನನಗೆ ಆ ಕೊರಗಿಲ್ಲ. ಇಲ್ಲೇ ಇದ್ದಿದ್ದರೆ ಉಳಿಯುತ್ತಿದ್ದವೇ ಎಂಬ ಅಂಜಿಕೆಯಿದೆ.

ಅಂಜಿಕೆಗೆ ಕಾರಣವಿದೆ. ನನ್ನ ಗುರುಗಳು ತಾವು ಬರೆದ ಪ್ರತಿಯೊಂದು ಪತ್ರಕ್ಕೂ ಕಾರ್ಬನ್ ಪ್ರತಿ ಇಡುತ್ತಿದ್ದರು. ಅವರು ಹೋದ ಮೇಲೆ ಅವನ್ನೆಲ್ಲ ಒಂದು ಸಂಸ್ಥೆ ಸಮಾರಂಭ ಮಾಡಿ, ಹಾರ ಹಾಕಿ ಸ್ವೀಕರಿಸಿತು. ಪುಸ್ತಕಗಳಿಗೆ ಮುದ್ರೆ ಬಿದ್ದು ಕಪಾಟು ಸಿಕ್ಕಿತು. ಪತ್ರಗಳ ಕಟ್ಟುಗಳು ಮೆಟ್ಟಿಲ ಕೆಳಗೆ ಮಳೆಗಾಲಗಳನ್ನು ಕಳೆದು ಗೆದ್ದಲಿಗೆ ಹೋದವು. ಕೇಳಿದಾಗ, 'ಅವು ಪುಸ್ತಕಗಳಲ್ಲವಲ್ಲ, ಎಲ್ಲಿ ನಮೂದಿಸುವುದು' ಎಂಬ ಉತ್ತರ ಬಂತು. ಆ ಸಿಟ್ಟು ನನಗೆ ಈವರೆಗೆ ಇಳಿದಿಲ್ಲ. ಯಾವ ಸಂಸ್ಥೆಗೆ ಕೊಟ್ಟರೂ, ಕಾಗದದ ಲೆಕ್ಕಕ್ಕೆ ಸಹಿ ಹಾಕಿಸಿಕೊಳ್ಳದೆ ಕೊಡಬೇಡಿ.

ಜಗಳದ ಪತ್ರಗಳನ್ನು ಸುಟ್ಟುಬಿಡಿ ಎಂದು ನಿಮ್ಮ ಮನೆಯವರು ಹೇಳುತ್ತಿದ್ದಾರೆಂದು ಬರೆದಿದ್ದೀರಿ. ಅವರ ಮುಜುಗರ ಸುಳ್ಳಲ್ಲ. ಆದರೆ ಇಂತಿಷ್ಟು ವರ್ಷ ತೆರೆಯಬಾರದೆಂಬ ಷರತ್ತಿನೊಂದಿಗೆ ಮೊಹರು ಮಾಡಿ ಇಡಬಹುದು. ಸುಟ್ಟರೆ ಷರತ್ತಿಗೆ ಅವಕಾಶವೇ ಇಲ್ಲ. ಕಾಗದ ನಿಮ್ಮ ಮನೆಯದಾದರೂ ಅದರಲ್ಲಿನ ಬರಹದ ಹಕ್ಕು, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದವರದು ಮತ್ತು ಅವರ ವಾರಸುದಾರರದು. ಕಾಪಾಡಲು ಯಾರ ಅಪ್ಪಣೆಯೂ ಬೇಡ, ಅಚ್ಚು ಮಾಡಲು ಬೇಕು. ತುಕ್ಕು ಹಿಡಿದ ಗುಂಡುಸೂಜಿ ತೆಗೆಯಿರಿ, ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಕೂಡದು.

ಇನ್ನೊಂದು ಮಾತು. ಕಾರ್ಬನ್ ಪ್ರತಿ ಇಟ್ಟಿರದಿದ್ದರೆ, ಒಬ್ಬರು ಬರೆದ ಪತ್ರಗಳು ಅವರ ಮನೆಯಲ್ಲಿ ಇರುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂದು ಉಳಿಯಿತು. ಆದರೆ ಅವರು ಬರೆದ ಪತ್ರವನ್ನು ಹುಡುಕಬೇಕಾದದ್ದು ಅದನ್ನು ಪಡೆದವರ ಮನೆಯಲ್ಲಿ. ನಿಮ್ಮ ಪೆಟ್ಟಿಗೆಯಲ್ಲಿರುವುದೂ ಸಂಭಾಷಣೆಯ ಒಂದು ಪಕ್ಕ ಮಾತ್ರ. ಅಜ್ಜ ಶಾಸನದ ಕಲ್ಲನ್ನು ತೊಳೆದು, ಸಂಜೆಯ ಓರೆ ಬೆಳಕಿಗಾಗಿ ಕಾದು ಕೂತುದನ್ನು ನೀವು ಬರೆದ ಪುಟ ಅಪರೂಪದ್ದು. ಅಂಥ ಕಣ್ಣುಳ್ಳವರು ಅರ್ಧ ಸಾಕ್ಷ್ಯಕ್ಕೆ ತೃಪ್ತರಾಗಬಾರದು. ಹಸ್ತಪ್ರತಿಯಲ್ಲಿ ಹೆಸರಿರುವ ಧಾರವಾಡದ ಆ ಇಬ್ಬರ ಮನೆಯವರಿಗೆ ಈ ವಾರವೇ ಬರೆಯಿರಿ, ಅವರ ಮಕ್ಕಳಿಗೂ ಈಗ ವಯಸ್ಸಾಗಿದೆ. ಮೂಲವನ್ನು ಕೇಳಬೇಡಿ, ಅಲ್ಲೇ ಕೂತು, ಹಾಳೆಯ ಎರಡೂ ಬದಿಯ ಫೋಟೋ ತೆಗೆದುಕೊಳ್ಳಲು ಅನುಮತಿ ಕೇಳಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಓದುಗ