ಎಷ್ಟು ಕುಡಿದಿದ್ದಳು ಎಂದು ಕೇಳುವ ಮೊದಲು ಎಫ್‌ಐಆರ್ ಬರೆಯಲಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಾದ ಡಾ. ಜಿ. ಪರಮೇಶ್ವರ ಅವರಿಗೆ ನಮಸ್ಕಾರಗಳು.

ನಾನು ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ಪಿಜಿ ನಡೆಸುತ್ತೇನೆ. ಹಾಸನ, ದಾವಣಗೆರೆ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದ ಹುಡುಗಿಯರು ನಮ್ಮಲ್ಲಿ ಇರುತ್ತಾರೆ. ಅಪ್ಪ ಅಮ್ಮ ಬಿಟ್ಟು ಹೋಗುವಾಗ ‘ನಿಮ್ಮ ಮಗಳ ಥರ ನೋಡ್ಕೊಳ್ಳಿ ಮೇಡಂ’ ಅಂತ ಕೈ ಮುಗಿದು ಹೋಗುತ್ತಾರೆ. ಮಧ್ಯರಾತ್ರಿ ಏನಾದರೂ ಆದರೆ ಮೊದಲು ಬಡಿದುಕೊಳ್ಳುವುದು ನನ್ನ ಫೋನ್. ಹಾಗಾಗಿ ಪೊಲೀಸ್ ಠಾಣೆ ನನಗೆ ಹೊಸದಲ್ಲ. ಬಸ್ಸಿನಲ್ಲಿ ಮೈ ಮುಟ್ಟಿದವನ ಮೇಲೆ ದೂರು ಕೊಡಲು ಹೋಗಿದ್ದೇನೆ. ಬೈಕಿನಲ್ಲಿ ಗೇಟಿನವರೆಗೂ ಹಿಂಬಾಲಿಸಿ ಬಂದವನ ಮೇಲೆ ದೂರು ಕೊಡಲು ಹೋಗಿದ್ದೇನೆ. ಪ್ರತಿ ಸಲವೂ ಪ್ರಶ್ನೆ ಹುಡುಗಿಗೇ. ಅಷ್ಟು ಹೊತ್ತಲ್ಲಿ ಎಲ್ಲಿಗೆ ಹೋಗಿದ್ದೆ, ಏನು ಹಾಕ್ಕೊಂಡಿದ್ದೆ, ಜೊತೆಗೆ ಯಾರಿದ್ದರು. ಇಷ್ಟು ವರ್ಷ ನುಂಗಿಕೊಂಡೆ. ಈ ವರ್ಷ ನಡೆದದ್ದನ್ನು ನುಂಗಲು ಆಗುತ್ತಿಲ್ಲ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ರಾಜ್ಯದ ಎಲ್ಲ ಠಾಣೆಗಳಿಗೆ ಒಂದು ಲಿಖಿತ ಸುತ್ತೋಲೆ ಕಳಿಸಿ. ಲೈಂಗಿಕ ದೌರ್ಜನ್ಯದ ದೂರು ಬಂದರೆ ಮೊದಲು ಎಫ್‌ಐಆರ್, ತಕ್ಷಣ ಆಸ್ಪತ್ರೆ. ಅಲ್ಲಿಯವರೆಗೆ ‘ನೀನು ಕುಡಿದಿದ್ದೆಯಾ’ ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರಕೂಡದು. ಬಂದರೆ ಅವರ ಮೇಲೆ ಕ್ರಮ ಆಗಬೇಕು. ಇಷ್ಟೇ.

ಈಗ ನಡೆದದ್ದು ಹೇಳುತ್ತೇನೆ. ಆ ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕಂಪನಿ ಯಾವುದೂ ಇಲ್ಲಿಲ್ಲ. ಠಾಣೆಯ ಹೆಸರೂ ಇಲ್ಲ.

ಆಫೀಸಿನವರೆಲ್ಲ ಸೇರಿ ರಾತ್ರಿ ಊಟಕ್ಕೆ ಹೋಗಿದ್ದರು. ಅವಳೂ ಎರಡು ಗ್ಲಾಸ್ ತಗೊಂಡಿದ್ದಳು. ವಾಪಸ್ ಬರುವಾಗ ತಲೆ ಸುತ್ತುತ್ತಿತ್ತು. ಅದೇ ಟೀಮಿನವನೊಬ್ಬ, ದಿನಾ ಪಕ್ಕದಲ್ಲಿ ಕೂತು ಕೆಲಸ ಮಾಡುವವನು, ‘ನಾನು ಡ್ರಾಪ್ ಮಾಡ್ತೀನಿ’ ಅಂದ. ಪಿಜಿಗೆ ಬರಬೇಕಾದ ಕಾರು ಅವನ ಫ್ಲಾಟಿಗೆ ಹೋಯಿತು. ಅಲ್ಲಿಂದ ಮುಂದೆ ಅವಳಿಗೆ ತುಂಡು ತುಂಡಾಗಿ ನೆನಪಿದೆ. ಬೇಡ ಅಂದದ್ದು ನೆನಪಿದೆ. ಕೈ ಎತ್ತಲು ಆಗದೆ ಇದ್ದದ್ದು ನೆನಪಿದೆ. ಬೆಳಿಗ್ಗೆ ಹೇಗೋ ಆಟೋ ಹಿಡಿದು ಬಂದಳು. ರೂಮ್‌ಮೇಟ್ ಜಾಣೆ. ಸ್ನಾನ ಮಾಡಬೇಡ, ಬಟ್ಟೆ ಒಗೆಯಬೇಡ ಅಂತ ಹೇಳಿ ನನ್ನನ್ನು ಕರೆದಳು. ‘ಆಂಟಿ, ಅಪ್ಪಂಗೆ ಹೇಳಬೇಡಿ’ ಅನ್ನುವುದೇ ಅವಳ ಮೊದಲ ಮಾತು.

ತಿಂಡಿ ಹೊತ್ತಿಗೆ ಠಾಣೆಯಲ್ಲಿದ್ದೆವು. ಅಲ್ಲಿದ್ದವರು ಅವಳ ಮುಖ ನೋಡಿ, ನನ್ನ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆ: ‘ಏನಮ್ಮಾ, ಎಷ್ಟು ಕುಡಿದಿದ್ದೆ?’ ಎರಡನೆಯದು, ‘ಯಾವ ಬ್ರ್ಯಾಂಡು?’ ಪಕ್ಕದ ಟೇಬಲ್ಲಿನವರು ನಕ್ಕರು. ನಾನು ಕಿವಿಯಾರೆ ಕೇಳಿದೆ ಸ್ವಾಮಿ. ಇಪ್ಪತ್ತೆರಡು ವರ್ಷದ ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ನಡುಗುತ್ತಿದ್ದಾಳೆ. ಇವರಿಗೆ ಬ್ರ್ಯಾಂಡ್ ಬೇಕು!

ಆಮೇಲೆ ಕಾಯಿಸಿದರು. ಮಹಿಳಾ ಎಸ್‌ಐ ಬಂದೋಬಸ್ತಿಗೆ ಹೋಗಿದ್ದಾರೆ ಅಂದರು. ಫ್ಲಾಟ್ ಇರುವ ಜಾಗ ನಮ್ಮ ಲಿಮಿಟ್ಸಿಗೆ ಬರಲ್ಲ, ಆ ಠಾಣೆಗೆ ಹೋಗಿ ಅಂದರು. ಝೀರೋ ಎಫ್‌ಐಆರ್ ಮಾಡಿ, ಅಂದರೆ ಜಾಗ ಯಾವ ಠಾಣೆಯದಾದರೂ ಇಲ್ಲೇ ಬರೆದು ಅಲ್ಲಿಗೆ ಕಳಿಸಿ ಅಂದೆ. ‘ಎಲ್ಲಾ ಗೊತ್ತಲ್ಲ ನಿಮಗೆ, ಮತ್ತೆ ಹುಡುಗೀರನ್ನ ರಾತ್ರಿ ಯಾಕೆ ಬಿಡ್ತೀರಿ’ ಅಂತ ನನ್ನ ಮೇಲೇ ತಿರುಗಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಫೋನಿನಿಂದ ಅಪ್ಪನ ನಂಬರ್ ತೆಗೆದುಕೊಂಡು ಅವರೇ ಕಾಲ್ ಮಾಡಿದರು. ‘ನಿಮ್ಮ ಮಗಳು ಪಾರ್ಟಿ ಮಾಡಿ ಏನೋ ಕಂಪ್ಲೇಂಟ್ ಕೊಡ್ತೀನಿ ಅಂತಿದ್ದಾಳೆ, ಮರ್ಯಾದೆ ಪ್ರಶ್ನೆ, ಬಂದು ಮಾತಾಡಿ.’ ಯಾರಿಗೆ ಗೊತ್ತಾಗಬಾರದು ಅಂತ ಅವಳು ಬೇಡಿಕೊಂಡಿದ್ದಳೋ ಅವರಿಗೇ, ಆ ಮಾತಿನಲ್ಲೇ ತಿಳಿಸಿದರು. ಆ ತಂದೆ ಬಸ್ಸು ಹತ್ತಿ ಬಂದರು. ಕತ್ತಲಾಗಿತ್ತು. ಮಗಳನ್ನು ನೋಡಿ ಏನೂ ಮಾತಾಡಲಿಲ್ಲ. ನನ್ನನ್ನು ಕೇಳಿದರು, ‘ಮೇಡಂ, ಕುಡಿದಿದ್ದಳಾ?’ ಠಾಣೆಯವರು ಅವರ ಬಾಯಿಗೆ ಆ ಪ್ರಶ್ನೆ ತುರುಕಿ ಕಳಿಸಿದ್ದರು.

ಎಫ್‌ಐಆರ್ ಆಗಿದ್ದು ರಾತ್ರಿ. ಆಸ್ಪತ್ರೆಗೆ ಹೋದದ್ದು ಅದಕ್ಕೂ ಆಮೇಲೆ. ರಕ್ತ ತೆಗೆದ ಡಾಕ್ಟರ್ ಒಳ್ಳೆಯವರು. ಬೇಸರದಿಂದಲೇ ಹೇಳಿದರು, ‘ಬೆಳಿಗ್ಗೆಯೇ ಬಂದಿದ್ದರೆ ಚೆನ್ನಾಗಿತ್ತು. ಈಗ ರಕ್ತದಲ್ಲಿ ಏನೂ ಸಿಗದೇ ಇರಬಹುದು.’

ಸಚಿವರೇ, ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಕುಡಿದ ಮದ್ಯ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಅವಳ ಗ್ಲಾಸಿಗೆ ಬೇರೆ ಏನಾದರೂ ಬೆರೆಸಿದ್ದರೆ ಅದೂ ಬೇಗ ಹೋಗಿಬಿಡುತ್ತದೆ. ದಿನವಿಡೀ ಎಷ್ಟು ಕುಡಿದಿದ್ದೆ ಅಂತ ಹತ್ತು ಬಾಯಲ್ಲಿ ಕೇಳಿದ ಠಾಣೆ, ಅದನ್ನು ನಿಜವಾಗಿ ಅಳೆಯಬಹುದಾದ ಒಂದು ಟ್ಯೂಬ್ ರಕ್ತವನ್ನು ಸಮಯಕ್ಕೆ ತೆಗೆಸಲಿಲ್ಲ. ಪ್ರಶ್ನೆ ಸಾಕ್ಷಿಗಾಗಿ ಆಗಿದ್ದರೆ ಬೆಳಿಗ್ಗೆಯೇ ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಬೇಕಿದ್ದದ್ದು ಅವಳು ತಲೆ ತಗ್ಗಿಸಿ ಎದ್ದು ಹೋಗುವುದು.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಠಾಣೆಯಲ್ಲಿ ಅದು ಕಾಣಲಿಲ್ಲ. ಅಮಲಿನಲ್ಲಿ ಏನಾಗುತ್ತಿದೆ ಎಂದು ತಿಳಿಯದ ಸ್ಥಿತಿಯಲ್ಲಿ ಹೆಣ್ಣು ಹೂಂ ಅಂದರೂ ಅದು ಒಪ್ಪಿಗೆ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಹೀಗೆ ಹೇಳುತ್ತದೆ. ಇದೇನು ಹೊಸದೂ ಅಲ್ಲ. ಹಳೆಯ ಐಪಿಸಿಗೆ 1983ರಲ್ಲೇ ಈ ಮಾತು ಸೇರಿತ್ತು. ಅಂದರೆ ಅವಳು ಕುಡಿದಿದ್ದಳು ಎನ್ನುವುದು ಅವನ ವಿರುದ್ಧದ ಸಾಕ್ಷಿ. ಹೊಡೆದು ತಡೆಯಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದಳು ಎಂದು ತಿಳಿಯಬಾರದು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಇನ್ನು ಅವನೇ ಕುಡಿದಿದ್ದರೆ? ತಾನಾಗಿ ಕುಡಿದವನಿಗೆ ಕಾನೂನಿನಲ್ಲಿ ವಿನಾಯಿತಿ ಇಲ್ಲ. ಕುಡಿಯದವನಿಗೆ ಇರುವಷ್ಟೇ ತಿಳಿವಳಿಕೆ ಅವನಿಗೂ ಇತ್ತು ಎಂದೇ ಲೆಕ್ಕ. ಠಾಣೆಗೆ ಬರುವ ಹೊತ್ತಿಗೆ ಇದೆಲ್ಲ ತಲೆಕೆಳಗಾಗುತ್ತದೆ. ಅವನು ಕುಡಿದಿದ್ದರೆ ‘ಪಾಪ, ಮತ್ತಿನಲ್ಲಿ ಮಾಡಿಬಿಟ್ಟ’. ಇವಳು ಕುಡಿದಿದ್ದರೆ ‘ಇವಳೇ ಕರೆದುಕೊಂಡಳು’.

ಲಿಮಿಟ್ಸ್ ನೆಪ ಹೇಳಿ ಕಳಿಸುವಂತಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ. ಮಾಹಿತಿ ಸಿಕ್ಕ 24 ಗಂಟೆಯೊಳಗೆ ವೈದ್ಯರ ಹತ್ತಿರ ಕಳಿಸಬೇಕು. ಇಂಥ ದೂರು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ಈ ಸೆಕ್ಷನ್‌ನಲ್ಲಿ ರಾಜ್ಯದ ಎಷ್ಟು ಪೊಲೀಸರ ಮೇಲೆ ಕೇಸ್ ಆಗಿದೆ ಎಂದು ನೀವೇ ಜನರ ಮುಂದೆ ಹೇಳಿ. ಹೇಳುತ್ತೀರಾ?

ಸುತ್ತೋಲೆ ಏಕೆ ನಿಮ್ಮಿಂದಲೇ ಬರಬೇಕು ಎಂದರೆ, ಆ ಪ್ರಶ್ನೆ ಮೇಲಿನಿಂದಲೇ ಕೆಳಗೆ ಇಳಿದು ಬಂದದ್ದು. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದರು. ಆಗಲೂ ನೀವೇ ಗೃಹ ಸಚಿವರು. ಯುವಜನ ಪಾಶ್ಚಾತ್ಯರನ್ನು, ಅವರ ಉಡುಗೆಯನ್ನು ಅನುಕರಿಸುತ್ತಾರೆ, ಇಂಥದ್ದು ನಡೆಯುತ್ತದೆ ಎಂಬ ಅರ್ಥದಲ್ಲಿ ಮಾತಾಡಿದಿರಿ. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ಗೃಹ ಸಚಿವರಾಗಿದ್ದವರು ಆರಗ ಜ್ಞಾನೇಂದ್ರ. ಆ ನಿರ್ಜನ ಜಾಗಕ್ಕೆ ಅವರು ಹೋಗಬಾರದಿತ್ತು ಎಂದರು. ವಿರೋಧ ಬಂದ ಮೇಲೆ ಆ ಮಾತು ವಾಪಸ್ ತೆಗೆದುಕೊಂಡರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸುದ್ದಗುಂಟೆಪಾಳ್ಯದ ಗಲ್ಲಿಯಲ್ಲಿ ನಡೆದು ಹೋಗುತ್ತಿದ್ದ ಹುಡುಗಿಯರ ಮೇಲೆ ಒಬ್ಬ ಎರಗಿದ. ಇಷ್ಟು ದೊಡ್ಡ ಊರಿನಲ್ಲಿ ಅಲ್ಲೊಂದು ಇಲ್ಲೊಂದು ಹೀಗಾಗುತ್ತದೆ ಎಂದಿರಿ. ಆಮೇಲೆ ವಿಷಾದ ಹೇಳಿದಿರಿ. ಪಕ್ಷ ಬದಲಾಯಿತು, ಸರ್ಕಾರ ಬದಲಾಯಿತು. ಮಾತು ಬದಲಾಗಲಿಲ್ಲ. ಒಂದು ಕಡೆ ಬಟ್ಟೆ, ಒಂದು ಕಡೆ ಜಾಗ, ಇನ್ನೊಂದು ಕಡೆ ಊರಿನ ಗಾತ್ರ. ನಮ್ಮ ಹುಡುಗಿಯ ಪಾಲಿಗೆ ಎರಡು ಗ್ಲಾಸ್. ಸಚಿವರೇ ಹೀಗೆ ಮಾತಾಡಿದರೆ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಇನ್ನು ಹೇಗೆ ಮಾತಾಡುತ್ತಾರೆ?

ಕೋರ್ಟುಗಳಲ್ಲೂ ಇದು ನಡೆದಿದೆ. 2020ರ ಜೂನ್‌ನಲ್ಲಿ ನಮ್ಮ ಹೈಕೋರ್ಟ್ ಒಬ್ಬ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಡುವಾಗ, ಅವಳು ರಾತ್ರಿ 11 ಗಂಟೆಗೆ ಆಫೀಸಿಗೆ ಏಕೆ ಹೋದಳು, ಅವನ ಜೊತೆ ಕುಡಿಯಲು ಏಕೆ ಬೇಡ ಎನ್ನಲಿಲ್ಲ ಎಂದು ಬರೆಯಿತು. ಘಟನೆ ಆದ ಮೇಲೆ ನಿದ್ದೆ ಹೋದೆ ಎಂದದ್ದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂದೂ ಬರೆಯಿತು. ಜನ ಸಿಟ್ಟಾದ ಮೇಲೆ ಆ ನಿದ್ದೆಯ ಸಾಲನ್ನು ತೆಗೆದರು. 2025ರಲ್ಲಿ ಅಲಹಾಬಾದ್ ಹೈಕೋರ್ಟ್ ದೆಹಲಿಯ ಬಾರಿಗೆ ಹೋಗಿದ್ದ ವಿದ್ಯಾರ್ಥಿನಿಯ ಕೇಸಿನಲ್ಲಿ, ತೊಂದರೆಯನ್ನು ಅವಳೇ ಕರೆದುಕೊಂಡಳು ಎಂದಿತು. ಸುಪ್ರೀಂ ಕೋರ್ಟ್ ಅದಕ್ಕೆ ಬೇಸರ ತೋರಿಸಿತು. ಅದಕ್ಕೂ ಮೊದಲು, 2021ರಲ್ಲೇ, ಜಾಮೀನು ಆದೇಶದಲ್ಲಿ ಹೆಣ್ಣಿನ ಬಟ್ಟೆ, ನಡವಳಿಕೆಯ ಮಾತು ಬೇಡ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ನ್ಯಾಯಾಧೀಶರಿಗೂ ಬರಹದಲ್ಲಿ ಹೇಳಬೇಕಾಗಿ ಬಂತು. ನಿಮ್ಮ ಠಾಣೆಗಳಿಗೆ ಬರಹದಲ್ಲಿ ಹೇಳಲು ನಿಮಗೇನು ಅಡ್ಡಿ?

ಹುಡುಗಿಯರಿಗೆ ಜವಾಬ್ದಾರಿ ಬೇಡವಾ ಅಂತ ಬಹಳ ಜನ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುವವರೂ ಇದ್ದಾರೆ. ನಾನೂ ನಮ್ಮ ಹುಡುಗಿಯರಿಗೆ ಹೇಳುತ್ತೇನೆ. ಗ್ಲಾಸ್ ಬಿಟ್ಟು ಎದ್ದು ಹೋಗಬೇಡಿ, ಲೊಕೇಶನ್ ಕಳಿಸಿ, ಲೇಟಾದರೆ ಫೋನ್ ಮಾಡಿ, ಬೈಯಲ್ಲ ಅಂತ. ಅದು ಕಾಳಜಿ. ಅದು ನನ್ನ ಕೆಲಸ, ಅವರ ಅಮ್ಮನ ಕೆಲಸ. ಪೊಲೀಸರ ಕೆಲಸ ಬೇರೆ. ಕುಡಿದು ಫುಟ್‌ಪಾತಿನ ಮೇಲೆ ಬಿದ್ದವನ ಜೇಬಿನಿಂದ ದುಡ್ಡು ಹೋದರೆ ಕಳ್ಳತನದ ಕೇಸ್ ಬರೆಯುತ್ತೀರಿ. ಕುಡಿದದ್ದಕ್ಕೆ ಹೋಯಿತು ಬಿಡು ಎಂದು ಕಳ್ಳನನ್ನು ಬಿಡುವುದಿಲ್ಲ. ಹೆಣ್ಣಿನ ಮೈಗೆ ಮಾತ್ರ ಏಕೆ ಬೇರೆ ಲೆಕ್ಕ? ಅವಳಿಗೆ ಕುಡಿದು ತಲೆ ಸುತ್ತಿತ್ತು, ಅದು ಅವಳ ಜವಾಬ್ದಾರಿ, ಒಪ್ಪಿದೆ. ಅದಕ್ಕೆ ಮಾರನೇ ದಿನ ತಲೆನೋವು ಬರಬೇಕಿತ್ತು. ಅತ್ಯಾಚಾರ ಕುಡಿತದಿಂದ ಬರುವ ಕಾಯಿಲೆ ಅಲ್ಲ. ಅದನ್ನು ಒಬ್ಬ ಮನುಷ್ಯ ಬೇಕೆಂದೇ ಮಾಡುತ್ತಾನೆ. ದಾಖಲಾಗುವ ಅತ್ಯಾಚಾರ ಕೇಸುಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಗೊತ್ತಿದ್ದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರ್ಷ ವರ್ಷ ಹೇಳುತ್ತಿದೆ. ನಮ್ಮ ಹುಡುಗಿಯ ವಿಷಯದಲ್ಲೂ ಅದೇ. ಅವಳು ನಂಬಿದ್ದು ಮದ್ಯವನ್ನಲ್ಲ, ಪಕ್ಕದ ಸೀಟಿನ ಮನುಷ್ಯನನ್ನು.

ಇನ್ನೊಂದು ಮಾತು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40 ಸಾವಿರ ಕೋಟಿ ರೂಪಾಯಿ ಗುರಿ ಇಟ್ಟುಕೊಂಡದ್ದು ನಿಮ್ಮದೇ ಸರ್ಕಾರ. ಹೆಣ್ಣು ಕುಡಿಯುವ ಬಿಯರಿನ ತೆರಿಗೆಯೂ ಅದರಲ್ಲೇ ಸೇರುತ್ತದೆ. ಅವಳ ದುಡ್ಡು ಖಜಾನೆಗೆ ಆಗುತ್ತದೆ, ಅವಳ ದೂರು ಠಾಣೆಗೆ ಆಗುವುದಿಲ್ಲ. ಇದು ಯಾವ ನ್ಯಾಯ ಹೇಳಿ.

ಮನಸ್ಸು ಮಾಡಿದರೆ ಪೊಲೀಸರಿಗೆ ಎಲ್ಲ ಆಗುತ್ತದೆ. 2012ರ ಫೆಬ್ರುವರಿಯಲ್ಲಿ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿ ನೈಟ್‌ಕ್ಲಬ್‌ನಿಂದ ಹೊರಟ ಮಹಿಳೆಯ ಮೇಲೆ ಚಲಿಸುವ ಕಾರಿನಲ್ಲಿ ಅತ್ಯಾಚಾರ ನಡೆಯಿತು. ಮುಖ್ಯಮಂತ್ರಿಯೇ ಅದು ಕಟ್ಟುಕಥೆ ಎಂಬಂತೆ ಮಾತಾಡಿದರು. ಮಕ್ಕಳಿರುವ ತಾಯಿಗೆ ನೈಟ್‌ಕ್ಲಬ್ಬಿನಲ್ಲಿ ಏನು ಕೆಲಸ ಎಂದು ಒಬ್ಬ ಸಚಿವರು ಕೇಳಿದರು. ಆದರೆ ಅಪರಾಧ ವಿಭಾಗದ ಮುಖ್ಯಸ್ಥೆಯಾಗಿದ್ದ ದಮಯಂತಿ ಸೇನ್ ಎಂಬ ಅಧಿಕಾರಿ ತನಿಖೆ ಮಾಡಿ, ಅತ್ಯಾಚಾರ ನಡೆದದ್ದು ನಿಜ ಎಂದು ತೋರಿಸಿದರು. ಸ್ವಲ್ಪ ದಿನದಲ್ಲೇ ಅವರ ವರ್ಗಾವಣೆ ಆಯಿತು. 2015ರ ಡಿಸೆಂಬರ್‌ನಲ್ಲಿ ಮೂವರಿಗೆ ಶಿಕ್ಷೆ ಆಗುವ ಹೊತ್ತಿಗೆ ಆ ಮಹಿಳೆ ಬದುಕಿರಲಿಲ್ಲ. ಅಂಥ ಅಧಿಕಾರಿಗಳು ನಮ್ಮಲ್ಲೂ ಇದ್ದಾರೆ. ರಾತ್ರಿ ಡ್ಯೂಟಿಗೆ ವಾಪಸ್ ಬಂದು ನಮ್ಮ ಹುಡುಗಿಯ ಹೇಳಿಕೆ ಬರೆದುಕೊಂಡ ಮಹಿಳಾ ಎಸ್‌ಐ ಅವಳ ಕೈ ಹಿಡಿದುಕೊಂಡೇ ಮಾತಾಡಿಸಿದರು. ಅಂಥವರು ಡ್ಯೂಟಿಯಲ್ಲಿ ಇದ್ದಾರೋ ಇಲ್ಲವೋ ಎಂಬ ಅದೃಷ್ಟದ ಮೇಲೆ ನ್ಯಾಯ ನಿಲ್ಲಬಾರದು. ಅದಕ್ಕೇ ಸುತ್ತೋಲೆ ಕೇಳುತ್ತಿದ್ದೇನೆ.

ಆ ಹುಡುಗಿ ಕೆಲಸ ಬಿಟ್ಟು ಊರಿಗೆ ಹೋಗಿದ್ದಾಳೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಅವಳ ರೂಮ್‌ಮೇಟ್ ಮೊನ್ನೆ ನನ್ನನ್ನು ಕೇಳಿದಳು, ‘ಆಂಟಿ, ನನಗೆ ಹೀಗಾದರೆ ನಾನು ಠಾಣೆಗೆ ಹೋಗಬೇಕಾ?’ ಹೋಗು ಅಂದೆ. ಅವಳು ನಂಬಲಿಲ್ಲ. ಅವಳು ನಂಬುವ ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ.

ಇನ್ನೊಂದು ಸಮಿತಿ ಮಾಡಬೇಡಿ. ಆ್ಯಪ್ ಬಿಡುಗಡೆ ಮಾಡಬೇಡಿ. ಎಲ್ಲ ಠಾಣೆಗೂ ಲಿಖಿತ ಸುತ್ತೋಲೆ ಕಳಿಸಿ. ಮೊದಲು ಎಫ್‌ಐಆರ್, ತಕ್ಷಣ ಆಸ್ಪತ್ರೆ, ಬೇಗ ರಕ್ತದ ಮಾದರಿ. ಹುಡುಗಿಯನ್ನು ಕೇಳದೆ ಮನೆಗೆ ಫೋನ್ ಮಾಡುವುದು ಬೇಡ. ಕುಡಿತದ ಪ್ರಶ್ನೆ ಬೇಕಾದರೆ ತನಿಖೆಯಲ್ಲಿ, ಮಹಿಳಾ ಅಧಿಕಾರಿಯಿಂದ, ಅವನ ತಪ್ಪು ಸಾಬೀತು ಮಾಡಲು. ಮೀರಿದವರ ಮೇಲೆ 199ನೇ ಸೆಕ್ಷನ್. ಅದನ್ನು ಕನ್ನಡದಲ್ಲಿ ಬರೆಸಿ, ದೂರು ಕೊಡುವ ಟೇಬಲ್ಲಿನ ಎದುರಿಗೆ, ಬಂದವರ ಕಣ್ಣಿಗೆ ಬೀಳುವ ಹಾಗೆ ಅಂಟಿಸಿ. ಅದರ ಕೆಳಗೆ ನಿಮ್ಮ ಸಹಿ ಇರಲಿ.

ಇಂತಿ,
ಬೆಂಗಳೂರಿನ ಒಬ್ಬ ಪಿಜಿ ಮಾಲಕಿ