ಅಡಾಪ್ಟರ್ ಬೇಕಾದರೆ ಇನ್ನು ಮುಂದೆ ಬಾಡಿ, ಲೆನ್ಸ್ ಎರಡನ್ನೂ ತನ್ನಿ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮಲ್ಲಿ ಫಿಲ್ಮ್ ಎಸ್‌ಎಲ್‌ಆರ್ (ಒಳಗಿನ ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡಿ ತೆಗೆಯುವ) ಕ್ಯಾಮೆರಾಗಳಿಗೆ ಅಡಾಪ್ಟರ್, ಅಂದರೆ ಒಂದು ಬಗೆಯ ಲೆನ್ಸನ್ನು ಇನ್ನೊಂದು ಬಗೆಯ ಬಾಡಿಗೆ ಕೂರಿಸುವ ಉಂಗುರ, ಕೊಡುವ ಕ್ರಮ ಬದಲಾಗುತ್ತದೆ. ‘ಎಂ42 ಲೆನ್ಸಿಗೆ, ಪೆಂಟಾಕ್ಸ್ ಬಾಡಿಗೆ ಒಂದು ಅಡಾಪ್ಟರ್ ಕಳಿಸಿ’ ಎಂದು ಫೋನಿನಲ್ಲಿ ಹೇಳಿದರೆ ಇನ್ನು ಕಳಿಸುವುದಿಲ್ಲ. (ಎಂ42 ಎಂದರೆ 42 ಮಿ.ಮೀ. ಥ್ರೆಡ್‌ನಿಂದ ತಿರುಗಿಸಿ ಕೂರಿಸುವ ಹಳೆಯ ಬಗೆ.) ಬಾಡಿ ಮತ್ತು ಲೆನ್ಸ್ ಎರಡನ್ನೂ ಚಿಕ್ಕಬಳ್ಳಾಪುರದ ಅಂಗಡಿಗೆ ತರಬೇಕು. ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ಬಸ್ ಪಾರ್ಸೆಲ್‌ನಲ್ಲಿ ಕಳಿಸಬಹುದು. ಮೂರನ್ನೂ ಜೋಡಿಸಿ, ದೂರದ ಫೋಕಸ್ ಸಿಕ್ಕ ಮೇಲೆಯೇ ಅಡಾಪ್ಟರ್ ಕೊಡುತ್ತೇವೆ. ಒಳಗೆ ಗಾಜು ಕೂರಿಸಿದ ಅಡಾಪ್ಟರುಗಳ ಮಾರಾಟವನ್ನು ಪೂರ್ತಿ ನಿಲ್ಲಿಸಿದ್ದೇವೆ. ಫಿಲ್ಮ್ ಇರಲಿ, ಡಿಜಿಟಲ್ ಎಸ್‌ಎಲ್‌ಆರ್ ಇರಲಿ, ನಿಕಾನ್ ಬಾಡಿಗೆ ಎಂ42 ಅಡಾಪ್ಟರನ್ನು ಇನ್ನು ಯಾವ ರೂಪದಲ್ಲೂ ಕೊಡುವುದಿಲ್ಲ.

ಥ್ರೆಡ್ ಕೂತಿತು, ಲೆನ್ಸ್ ಅಲುಗಾಡುತ್ತಿಲ್ಲ ಎಂದ ಮಾತ್ರಕ್ಕೆ ಲೆನ್ಸ್ ಹೊಂದಿತು ಎಂದಾಗುವುದಿಲ್ಲ. ಬಾಡಿಯ ಮೌಂಟಿನ (ಲೆನ್ಸ್ ಕೂರುವ ಬಾಯಿಯ) ಲೋಹದ ಮುಖದಿಂದ ಫಿಲ್ಮಿನವರೆಗೆ ಇರುವ ದೂರವೇ ಇಲ್ಲಿ ಮುಖ್ಯ. ಅದಕ್ಕೆ ರಿಜಿಸ್ಟರ್ ಎನ್ನುತ್ತಾರೆ. ಕ್ಯಾನನ್ ಎಫ್‌ಡಿ ಬಾಡಿಯಲ್ಲಿ ಅದು 42 ಮಿ.ಮೀ., ಮಿನೋಲ್ಟಾ ಎಂಡಿಯಲ್ಲಿ 43.5, ಎಂ42 ಮತ್ತು ಪೆಂಟಾಕ್ಸ್ ಕೆ ಎರಡರಲ್ಲೂ 45.46, ಯಾಷಿಕಾ ಎಫ್‌ಎಕ್ಸ್-3 ಬಳಸುವ ಕಾಂಟ್ಯಾಕ್ಸ್/ಯಾಷಿಕಾ ಮೌಂಟಿನಲ್ಲಿ 45.5, ಒಲಿಂಪಸ್ ಓಎಂನಲ್ಲಿ 46, ನಿಕಾನ್ ಎಫ್‌ನಲ್ಲಿ 46.5. ಲೆನ್ಸಿನ ಅಂಕಿ ಬಾಡಿಯ ಅಂಕಿಗಿಂತ ದೊಡ್ಡದಿದ್ದರೆ ನಡುವಿನ ವ್ಯತ್ಯಾಸವೇ ಅಡಾಪ್ಟರಿನ ದಪ್ಪ. ಎಂ42 ಲೆನ್ಸನ್ನು ಕ್ಯಾನನ್ ಎಫ್‌ಡಿ ಬಾಡಿಗೆ ಹಾಕಲು 3.46 ಮಿ.ಮೀ. ಜಾಗವಿದೆ, ಮಿನೋಲ್ಟಾಗೆ 1.96. ಇವು ಸಲೀಸು. ಲೆನ್ಸಿನ ಅಂಕಿ ಚಿಕ್ಕದಾದರೆ ಲೆನ್ಸ್ ಬಾಡಿಯೊಳಕ್ಕೆ ಇಳಿಯಬೇಕಾಗುತ್ತದೆ, ಅದು ಸಾಧ್ಯವಿಲ್ಲ.

ನಿಕಾನ್ ಬಾಡಿಗೆ ಎಂ42 ಲೆನ್ಸ್ ಹಾಕಿದಾಗ ಆಗುವುದು ಇದೇ. ಲೆನ್ಸ್ 1.04 ಮಿ.ಮೀ. ಮುಂದಕ್ಕೆ ನಿಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಂತರ. ಆದರೆ 50 ಎಂಎಂ ಲೆನ್ಸನ್ನು ಇನ್ಫಿನಿಟಿಗೆ (ಅತಿ ದೂರದ ಫೋಕಸ್‌ಗೆ) ತಿರುಗಿಸಿ ನಿಲ್ಲಿಸಿದರೂ ಫೋಕಸ್ ಸುಮಾರು 2.5 ಮೀಟರ್‌ಗೆ ಮುಗಿಯುತ್ತದೆ. 58 ಎಂಎಂ ಹೀಲಿಯಾಸ್ ಲೆನ್ಸಿಗೆ 3.3 ಮೀಟರ್, 135ಕ್ಕೆ 17.8 ಮೀಟರ್. 28 ಎಂಎಂ ವೈಡ್ ಲೆನ್ಸ್ ಆದರೆ 80 ಸೆಂಟಿಮೀಟರ್ ಆಚೆ ಏನೂ ಸ್ಪಷ್ಟವಿಲ್ಲ. ತೋಟದ ಸೇವಂತಿಗೆ ಹೂವಿನ ಹತ್ತಿರದ ಚಿತ್ರ ಚೆನ್ನಾಗಿಯೇ ಬರುತ್ತದೆ. ನಂದಿ ಬೆಟ್ಟ ಯಾವತ್ತೂ ಬರುವುದಿಲ್ಲ.

ಈ ಕೊರತೆ ತುಂಬಲೆಂದೇ ಅಡಾಪ್ಟರಿನೊಳಗೆ ಗಾಜು ಇಡುತ್ತಾರೆ. ಆ ಗಾಜು ಸಣ್ಣ ಟೆಲಿಕನ್ವರ್ಟರ್‌ನಂತೆ (ಚಿತ್ರ ಹಿಗ್ಗಿಸುವ ಗಾಜಿನಂತೆ) ಕೆಲಸ ಮಾಡುವುದರಿಂದ 50 ಎಂಎಂ ಲೆನ್ಸ್ 60ರಿಂದ 70 ಎಂಎಂ ಆಗುತ್ತದೆ. 1.4 ಪಟ್ಟು ಹಿಗ್ಗಿಸಿದರೆ ಒಂದು ಸ್ಟಾಪ್ (ಅರ್ಧದಷ್ಟು) ಬೆಳಕೂ ಹೋಯಿತು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಪೂರ್ತಿ ತೆರೆದಾಗ ಇಡೀ ಚಿತ್ರದ ಮೇಲೆ ಮಬ್ಬು, ಮೂಲೆಗಳಲ್ಲಿ ಎಳೆದಂತೆ ಕಾಣುವ ಬಿಂದುಗಳು. ಹಳೆಯ ಟಾಕುಮಾರ್ ಲೆನ್ಸ್ ಆಗಲಿ ಹೀಲಿಯಾಸ್ ಆಗಲಿ, ಅದನ್ನು ಹುಡುಕಿ ಕೊಳ್ಳುವುದು ಅದರ ಗಾಜಿನ ಗುಣಕ್ಕಾಗಿ. ಅದರ ಹಿಂದೆ ಅಗ್ಗದ ಒಂಟಿ ಗಾಜು ನಿಲ್ಲಿಸಿ ಆ ಗುಣವನ್ನೇ ಕೆಡಿಸುವುದಕ್ಕೆ ನಮ್ಮ ಮನಸ್ಸು ಒಪ್ಪುವುದಿಲ್ಲ. ಕಳೆದ 12 ತಿಂಗಳಲ್ಲಿ ನಮ್ಮಿಂದ ಇಂಥ ಅಡಾಪ್ಟರ್ ಕೊಂಡವರು ತಂದು ಕೊಟ್ಟರೆ ಹಣ ವಾಪಸು. ಮ್ಯಾಕ್ರೋಗೆ (ತೀರಾ ಹತ್ತಿರದ ಚಿತ್ರಕ್ಕೆ) ಮಾತ್ರ ಬಳಸುತ್ತೇವೆ ಎನ್ನುವವರಿಗೆ ಗಾಜು ತೆಗೆದು, ಬರಿ ಉಂಗುರ ಉಳಿಸಿಕೊಡುತ್ತೇವೆ.

ಎಂ42 ಲೆನ್ಸನ್ನು ಪೆಂಟಾಕ್ಸ್ ಕೆ ಬಾಡಿಗೆ ಹಾಕುವ ವಿಷಯದಲ್ಲಿಯೇ ಹೆಚ್ಚು ಗೊಂದಲ. ಪೆಂಟಾಕ್ಸ್ ಕೆ1000 ನಮ್ಮ ಜಿಲ್ಲೆಯ ಎಷ್ಟೋ ಸ್ಟುಡಿಯೋಗಳಿಂದ ಮಕ್ಕಳು, ಮೊಮ್ಮಕ್ಕಳ ಕೈಗೆ ಬಂದಿರುವ ಬಾಡಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇವೆ. 1975ರಲ್ಲಿ ಪೆಂಟಾಕ್ಸ್ ಸ್ಕ್ರೂ ಮೌಂಟ್ ಬಿಟ್ಟು ಕೆ ಬಯೊನೆಟ್‌ಗೆ (ಸ್ವಲ್ಪವೇ ತಿರುಗಿಸಿ ಸಿಕ್ಕಿಸುವ ಮೌಂಟಿಗೆ) ಬಂದಾಗ ರಿಜಿಸ್ಟರನ್ನು ಬದಲಿಸಲಿಲ್ಲ. ಆದ್ದರಿಂದ ಸರಿಯಾದ ಅಡಾಪ್ಟರಿಗೆ ದಪ್ಪವೇ ಇರಕೂಡದು. ಅದು ಮೌಂಟಿನ ಒಳಗೆ ಅಡಗಿ ಕೂರುವ ತೆಳು ಉಂಗುರ. ಲೆನ್ಸಿನ ಮುಖ ನೇರವಾಗಿ ಬಾಡಿಯ ಮುಖಕ್ಕೆ ತಾಗಬೇಕು. ಮಾರುಕಟ್ಟೆಯಲ್ಲಿ ಇನ್ನೊಂದು ಬಗೆಯೂ ಇದೆ. ಹೊರಗೆ ಸುಮಾರು 1 ಮಿ.ಮೀ. ಅಂಚು ಇರುವ ಅದು ಹಾಕಲು, ತೆಗೆಯಲು ಸುಲಭ, ಆದರೆ ಇನ್ಫಿನಿಟಿ ಹೋಗುತ್ತದೆ. ಅಂಚಿನದ್ದನ್ನು ನಾವು ಇನ್ನು ತರಿಸುವುದಿಲ್ಲ.

ಅಂಚಿಲ್ಲದ ಉಂಗುರವನ್ನು ಬಳಸುವ ರೀತಿ ಹೀಗೆ. ಮೊದಲು ಅದನ್ನು ಲೆನ್ಸಿಗೆ ತಿರುಗಿಸಿ ಹಾಕಿ, ಆಮೇಲೆ ಲೆನ್ಸನ್ನು ಬಾಡಿಗೆ ಇಟ್ಟು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಟಕ್ ಎಂದು ಉಂಗುರದ ಸ್ಪ್ರಿಂಗ್ ಕೂರುತ್ತದೆ. ಲೆನ್ಸ್ ಬಿಚ್ಚಿದಾಗ ಉಂಗುರ ಬಾಡಿಯಲ್ಲೇ ಉಳಿಯುವುದು ಸಹಜ. ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ತೆಗೆಯಬೇಕಾದಾಗ ಸ್ಪ್ರಿಂಗ್‌ನ ತುದಿಯನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಒಳಕ್ಕೆ ಒತ್ತಿ ಹಿಡಿದು ಉಂಗುರವನ್ನು ಎದುರು ದಿಕ್ಕಿಗೆ ತಿರುಗಿಸಿ. ಸೂಜಿ, ಸೇಫ್ಟಿ ಪಿನ್ ಬೇಡ, ಜಾರಿದರೆ ಬಾಡಿಯೊಳಗಿನ ಕನ್ನಡಿಗೆ ಗೀರು ಬೀಳುತ್ತದೆ. ಆ ಕನ್ನಡಿಗೆ ಪಾದರಸ ಬಳಿದಂಥ ಹೊಳಪಿನ ಲೇಪನ ಗಾಜಿನ ಮುಂಭಾಗದಲ್ಲೇ ಇರುವುದರಿಂದ ಒರೆಸಿದರೂ ಹಾಳು. ಸ್ಪ್ರಿಂಗ್ ಹಿಡಿದಿರುವ ಪುಟ್ಟ ಸ್ಕ್ರೂ ಸಡಿಲವಾಗುವ ಸ್ವಭಾವದ್ದು. ವರ್ಷಕ್ಕೊಮ್ಮೆ ನೋಡಿ ಬಿಗಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅದು ಉದುರಿ ಷಟರ್ ಕಡೆಗೆ ಹೋಗುತ್ತದೆ.

ಈ ಉಂಗುರ ಲೆನ್ಸಿನ ಹಿಂದಿನ ಪಿನ್ ಒತ್ತುವುದಿಲ್ಲ. ಆಟೋ ಲೆನ್ಸಿನಲ್ಲಿ ಆ ಪಿನ್ ಒತ್ತಿದಾಗಲೇ ಅಪರ್ಚರ್ ಮುಚ್ಚುವುದು. ಆದ್ದರಿಂದ ಲೆನ್ಸಿನ ಪಕ್ಕದ ಆಟೋ-ಮ್ಯಾನುಯಲ್ ಸ್ವಿಚ್ಚನ್ನು ಮ್ಯಾನುಯಲ್‌ಗೆ ಹಾಕಲೇಬೇಕು. ಮರೆತರೆ ಲೆನ್ಸಿನ ಅಪರ್ಚರ್ ಉಂಗುರದಲ್ಲಿ 8 ತೋರಿಸಿದರೂ ಒಳಗೆ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ಹೀಲಿಯಾಸ್ 44-2ಕ್ಕೆ ಪಿನ್ನೇ ಇಲ್ಲ, ಎರಡು ಉಂಗುರಗಳ ಪ್ರೀಸೆಟ್ (ಕೈಯಿಂದಲೇ ಅಪರ್ಚರ್ ಮುಚ್ಚುವ) ಲೆನ್ಸ್ ಅದು, ತೊಂದರೆಯಿಲ್ಲ. ಹೀಲಿಯಾಸ್ 44ಎಂ-4ರಂಥ ಲೆನ್ಸುಗಳಲ್ಲಿ ಪಿನ್ ಇದೆ, ಸ್ವಿಚ್ ಇಲ್ಲ. ಅಂಥವನ್ನು ನಾವು ಹಿಂಬದಿ ಬಿಚ್ಚಿ, ಒಳಗಿನ ಪಿನ್ನನ್ನು ಒತ್ತಿದ ಸ್ಥಿತಿಯಲ್ಲಿ ತಂತಿಯಿಂದ ನಿಲ್ಲಿಸಿಕೊಡುತ್ತೇವೆ. ಮುಂದೆ ಬೇಕಾದರೆ ತಂತಿ ತೆಗೆದು ಮೊದಲಿನಂತೆ ಮಾಡಬಹುದು. ಮನೆಯಲ್ಲಿ ಸೂಪರ್ ಗ್ಲೂ ಹಾಕಿ ಪಿನ್ ಅಂಟಿಸಬೇಡಿ. ಅದರ ಆವಿ ಗಾಜಿನ ಒಳಮುಖಗಳ ಮೇಲೆ ಬಿಳಿ ಪದರವಾಗಿ ಕೂರುತ್ತದೆ, ಅಪರ್ಚರ್ ಎಲೆಗಳೂ ಹಿಡಿದುಕೊಳ್ಳಬಹುದು. ಕೆ1000ದ ಬೆಳಕು ಅಳೆಯುವ ಮೀಟರ್ ಈ ಲೆನ್ಸುಗಳೊಂದಿಗೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಅಪರ್ಚರ್ ತೆರೆದು ಫೋಕಸ್ ಮಾಡಿ, ಬೇಕಾದ ಅಂಕಿಗೆ ಮುಚ್ಚಿ, ಆಮೇಲೆ ಮುಳ್ಳನ್ನು ಮಧ್ಯಕ್ಕೆ ತನ್ನಿ. ವ್ಯೂಫೈಂಡರ್ ಕಪ್ಪಾಗುವುದು ಅದಕ್ಕೇ.

ಅಡಾಪ್ಟರುಗಳನ್ನು ನಾವು ಅಳೆಯುವುದು ನಾಲ್ಕು ಕಡೆ. ನಾಲ್ಕು ಅಳತೆಗಳ ನಡುವೆ 0.02 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಲೆನ್ಸ್ ಓರೆ ನಿಲ್ಲುತ್ತದೆ, ಅದನ್ನು ತಿರಸ್ಕರಿಸುತ್ತೇವೆ. ದಪ್ಪ ಲೆಕ್ಕಕ್ಕಿಂತ ಹೆಚ್ಚಾಗಿದ್ದರೆ ಕೂದಲೆಳೆಯಷ್ಟಾದರೂ ಬೇಡ, ಏಕೆಂದರೆ ಹೋದ ಇನ್ಫಿನಿಟಿಯನ್ನು ಲೆನ್ಸ್ ತಿರುಗಿಸಿ ಮರಳಿ ತರಲಾಗದು. 0.05 ಮಿ.ಮೀ.ವರೆಗೆ ತೆಳುವಾಗಿದ್ದರೆ ಒಪ್ಪುತ್ತೇವೆ. ಆಗ ಫೋಕಸ್ ಉಂಗುರ ಇನ್ಫಿನಿಟಿ ದಾಟಿ ಸ್ವಲ್ಪ ಮುಂದೆ ಹೋಗುತ್ತದೆ, ದೂರದ ಅಂಕಿಗಳು ಕೊಂಚ ತಪ್ಪು ತೋರಿಸುತ್ತವೆ, ಅಷ್ಟೇ. ಎಸ್‌ಎಲ್‌ಆರ್‌ನಲ್ಲಿ ಕಣ್ಣಿಗೆ ಕಂಡ ಫೋಕಸ್ಸೇ ಫಿಲ್ಮಿಗೂ ಬೀಳುವುದರಿಂದ ಇದರಿಂದ ಚಿತ್ರ ಕೆಡುವುದಿಲ್ಲ. ಝೂಮ್ ಲೆನ್ಸ್ ಮಾತ್ರ ಇದನ್ನು ಸಹಿಸದು: ಝೂಮ್ ಬದಲಿಸಿದಾಗಲೆಲ್ಲ ಫೋಕಸ್ ಜರುಗುತ್ತದೆ. ಝೂಮ್ ಇಟ್ಟುಕೊಂಡವರು ಮೊದಲೇ ಹೇಳಿ, ಬೇರೆ ತುಂಡು ಆರಿಸುತ್ತೇವೆ.

ಯಾಷಿಕಾ ಎಫ್‌ಎಕ್ಸ್-3 ಬಾಡಿಗೆ ಎಂ42 ಹಾಕುವವರಿಗೆ ಕೊರತೆ ಕೇವಲ 0.04 ಮಿ.ಮೀ. ಎಫ್1.8 ಅಪರ್ಚರಿನ ಲೆನ್ಸಿನಲ್ಲಿ ಫಿಲ್ಮಿನ ಹತ್ತಿರ ಆಚೀಚೆ 0.05 ಮಿ.ಮೀ.ನಷ್ಟು ತಪ್ಪು ನುಂಗಿಕೊಳ್ಳುವ ಅವಕಾಶವಿದೆ, ಎಫ್8ರಲ್ಲಿ 0.24. ಹಾಗಾಗಿ ಇದು ನಡೆಯುತ್ತದೆ. ಬೇಕೆಂದರೆ ಲೆನ್ಸಿನ ಇನ್ಫಿನಿಟಿ ನಿಲುಗಡೆಯನ್ನು ಸ್ವಲ್ಪ ಸರಿಸಿಕೊಡುತ್ತೇವೆ.

ಬಾಡಿಯನ್ನೂ ಕೇಳುವುದಕ್ಕೆ ಕಾರಣವಿದೆ. ಹಿಂದೆ ಯಾರೋ ಮೌಂಟ್ ಬಿಚ್ಚಿ, ಅಡಿಯಲ್ಲಿದ್ದ ತೆಳು ಹಿತ್ತಾಳೆ ಅಥವಾ ಕಾಗದದ ಷಿಮ್‌ಗಳನ್ನು (ಮಟ್ಟ ಸರಿಪಡಿಸುವ ತುಂಡುಗಳನ್ನು) ಕಳೆದೋ ಜಾಗ ಬದಲಿಸಿಯೋ ಜೋಡಿಸಿರುವ ಬಾಡಿಗಳು ಬರುತ್ತವೆ. ಅಂಥದ್ದಕ್ಕೆ ಎಷ್ಟೇ ಒಳ್ಳೆಯ ಅಡಾಪ್ಟರ್ ಕೊಟ್ಟರೂ ವ್ಯರ್ಥ.  ಪರೀಕ್ಷೆಗೆ ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲೆ ಉಜ್ಜಿದ ಗಾಜನ್ನು ಮಸುಕು ಮುಖ ಲೆನ್ಸಿನ ಕಡೆಗಿರುವಂತೆ ಇಟ್ಟು, ಷಟರನ್ನು ಬಿ ಸ್ಥಾನದಲ್ಲಿ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ) ತೆರೆದು, ಲೂಪ್‌ನಿಂದ (ಭೂತಗನ್ನಡಿಯಿಂದ) ನಂದಿ ಬೆಟ್ಟದ ಅಂಚನ್ನು ನೋಡುತ್ತೇವೆ. ಹೊರಗಿನ ಎತ್ತರದ ಹಳಿಗಳ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಮಾರ್ಗಶಿರ, ಪುಷ್ಯದ ಮಂಜಿನಲ್ಲಿ ಬೆಟ್ಟ ಕಾಣದ ಬೆಳಗುಗಳಲ್ಲಿ ಇನ್ನೊಂದು ಎಸ್‌ಎಲ್‌ಆರ್‌ಗೆ 200 ಎಂಎಂ ಲೆನ್ಸ್ ಹಾಕಿ ಇನ್ಫಿನಿಟಿಗೆ ನಿಲ್ಲಿಸಿ, ನಿಮ್ಮ ಕ್ಯಾಮೆರಾದ ಲೆನ್ಸಿಗೆ ಎದುರಾಗಿಟ್ಟು, ಫಿಲ್ಮ್ ಜಾಗದಲ್ಲಿ ಇಟ್ಟ ಗೆರೆಯನ್ನು ಅದರ ಮೂಲಕ ನೋಡುತ್ತೇವೆ. ಹಾಗೆಯೇ ಲೆನ್ಸನ್ನು ಇನ್ಫಿನಿಟಿಯಲ್ಲಿಟ್ಟು ಷಟರ್ ಬಿಟ್ಟು, ಮೇಲೇಳುವ ಕನ್ನಡಿ ಲೆನ್ಸಿನ ಹಿಂಬದಿಗೆ ತಾಗುತ್ತದೆಯೇ ಎಂದೂ ನೋಡುತ್ತೇವೆ.

ನಿಕಾನ್ ಬಳಸುವವರಿಗೆ ಒಂದು ಎಚ್ಚರಿಕೆ. 1977ಕ್ಕೆ ಮುಂಚಿನ, ಎಐ (ಅಪರ್ಚರ್ ಸ್ಥಿತಿಯನ್ನು ಬಾಡಿಗೆ ತಾನೇ ತಿಳಿಸುವ ಬಗೆ) ಅಲ್ಲದ ಲೆನ್ಸನ್ನು ಎಫ್‌ಎಂ2 ಬಾಡಿಗೆ ಹಾಕಬೇಡಿ. ಅಪರ್ಚರ್ ಉಂಗುರದ ಅಂಚು ಬಾಡಿಯ ಮೌಂಟಿನ ಸುತ್ತಲಿನ ಪುಟ್ಟ ನಾಲಿಗೆಯನ್ನು ಒತ್ತಿ ಮುರಿಯುತ್ತದೆ. ಎಫ್‌ಎಂ ಮತ್ತು ಎಫ್‌ಇಯಲ್ಲಿ ಆ ನಾಲಿಗೆಯನ್ನು ಮೇಲಕ್ಕೆ ಮಡಚಬಹುದು, ಎಫ್‌ಎಂ2ನಲ್ಲಿ ಆಗದು. ಎಐ ಲೆನ್ಸಿಗೆ ಅಪರ್ಚರ್ ಅಂಕಿಗಳ ಕೆಳಗೆ ಇನ್ನೊಂದು ಸಾಲು ಸಣ್ಣ ಅಂಕಿಗಳಿರುತ್ತವೆ; ಅದನ್ನು ನೋಡಿ ಗುರುತಿಸಿ. ನಿಕಾನ್ ಲೆನ್ಸ್ ಹಾಕುವ ದಿಕ್ಕೂ ಮೇಲೆ ಹೇಳಿದ ಬೇರೆ ಬಾಡಿಗಳಿಗೆ ಉಲ್ಟಾ, ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ. ಅಪರ್ಚರ್ ಉಂಗುರವೇ ಇಲ್ಲದ ಜಿ ಲೆನ್ಸುಗಳು ಈ ಬಾಡಿಗಳಲ್ಲಿ ಅತಿ ಚಿಕ್ಕ ಅಪರ್ಚರ್‌ನಲ್ಲೇ ತೆಗೆಯುತ್ತವೆ.

42 ಎಂಎಂ ಥ್ರೆಡ್ ಇದ್ದದ್ದೆಲ್ಲ ಎಂ42 ಅಲ್ಲ ಎಂಬುದನ್ನೂ ಗಮನದಲ್ಲಿಡಿ. ಟಿ2 ಎಂಬ ಇನ್ನೊಂದು ಮೌಂಟ್ ಕೂಡ 42 ಮಿ.ಮೀ., ಆದರೆ ಅದರ ಥ್ರೆಡ್‌ನ ಪಿಚ್ (ಸುತ್ತುಗಳ ನಡುವಿನ ಅಂತರ) 0.75, ಎಂ42ರದ್ದು 1. ಒಂದು ಸುತ್ತು ಸಲೀಸಾಗಿ ಹೋಗಿ ನಂತರ ಬಿಗಿಯುತ್ತದೆ. ಅಲ್ಲಿಗೇ ನಿಲ್ಲಿಸಿ. ಬಲ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಸವೆದುಹೋಗುತ್ತದೆ. ಸಿಕ್ಕಿಬಿದ್ದ ಲೆನ್ಸಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಬಾಡಿಗೆ ಹತ್ತಿರದ ಗಟ್ಟಿ ಭಾಗವನ್ನೇ ಹಿಡಿದು ತಿರುಗಿಸಿ. ಫೋಕಸ್ ಉಂಗುರ ಹಿಡಿದು ತಿರುಗಿಸಿದರೆ ಬಲವೆಲ್ಲ ಒಳಗಿನ ನಿಲುಗಡೆಯ ಮೇಲೆ ಬೀಳುತ್ತದೆ. ಎಣ್ಣೆ ಸ್ಪ್ರೇ ಬೇಡವೇ ಬೇಡ, ಅದು ಹರಿದು ಅಪರ್ಚರ್ ಎಲೆಗಳಿಗೆ ಹೋಗುತ್ತದೆ. ಜಪಾನಿನ ಬಾಡಿಗಳ ಸ್ಕ್ರೂಗಳಿಗೆ ಜೆಐಎಸ್ (ಜಪಾನಿನ ಮಾನದಂಡದ) ಸ್ಕ್ರೂಡ್ರೈವರ್ ಬೇಕು. ಸಾಮಾನ್ಯ ಫಿಲಿಪ್ಸ್ ಜಾರಿ ತಲೆ ತಿಂದುಬಿಡುತ್ತದೆ.

ಡಿಜಿಟಲ್ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗೆ ಹಳೆ ಲೆನ್ಸ್ ಹಾಕುವವರಿಗೆ ಹೊಸ ಕ್ರಮ ಅನ್ವಯಿಸುವುದಿಲ್ಲ. ಸೋನಿ ಇ ಮೌಂಟಿನ ರಿಜಿಸ್ಟರ್ 18 ಮಿ.ಮೀ., ನಿಕಾನ್ ಝಡ್‌ನದ್ದು 16. ಜಾಗ ಧಾರಾಳವಾಗಿದೆ. ಫೋನ್ ಮಾಡಿ ತರಿಸಿಕೊಳ್ಳಬಹುದು.

ಅಳತೆ ಮತ್ತು ಪರೀಕ್ಷೆಗೆ ಬೇರೆ ಹಣವಿಲ್ಲ, ಅಡಾಪ್ಟರಿನ ಬೆಲೆಯಲ್ಲೇ ಸೇರಿದೆ. ಎರಡು ಕೆಲಸದ ದಿನ ಬೇಕು. ಪ್ರತಿ ಅಡಾಪ್ಟರಿಗೆ ಅಳತೆ ಬರೆದ ಚೀಟಿ ಕಟ್ಟಿರುತ್ತದೆ, ಇಟ್ಟುಕೊಳ್ಳಿ. ಪಾರ್ಸೆಲ್ ಮಾಡುವವರು ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಎರಡಕ್ಕೂ ಕ್ಯಾಪ್ ಹಾಕಿ, ಬೇರೆ ಬೇರೆ ಸುತ್ತಿ ಕಳಿಸಿ. ಜೋಡಿಸಿಯೇ ಕಳಿಸಿದರೆ ಬಸ್ಸಿನ ಕುಲುಕಾಟದಲ್ಲಿ ಮೌಂಟಿನ ಸ್ಕ್ರೂಗಳು ಸಡಿಲವಾಗುತ್ತವೆ. ಒಳಗೆ ರೋಲ್ ಇದ್ದರೆ ಮುಗಿಸಿ ತೆಗೆದಿಡಿ, ನಾವು ಹಿಂಬಾಗಿಲು ತೆರೆಯಲೇಬೇಕು. ಲೆನ್ಸಿನೊಳಗೆ ಫಂಗಸ್ ಕಂಡಿದ್ದರೆ ಡಬ್ಬಿಯ ಮೇಲೆ ಬರೆಯಿರಿ, ಅದನ್ನು ಉಳಿದವುಗಳಿಂದ ದೂರ ಇಡುತ್ತೇವೆ. ಈಗಾಗಲೇ ಮುಂಗಡ ಕೊಟ್ಟಿರುವವರಿಗೂ ಹೊಸ ಕ್ರಮವೇ ಅನ್ವಯ. ಬಾಡಿ ತರಲು ಆಗದಿದ್ದರೆ ಮುಂಗಡ ಪೂರ್ತಿ ವಾಪಸು ಪಡೆಯಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಕ್ಯಾಮೆರಾ ದುರಸ್ತಿ ವಿಭಾಗ,
ಚಿಕ್ಕಬಳ್ಳಾಪುರ