ಆಗುಂಬೆ ಘಾಟಿಯ ಕಂಡಕ್ಟರ್ ಅಣ್ಣನಿಗೆ

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ಮಿನಿ ಬಸ್ಸಿನಲ್ಲಿ ಆಗ ಕಂಡಕ್ಟರ್ ಆಗಿದ್ದ ಅಣ್ಣಾ, ನಿಮಗೊಂದು ಥ್ಯಾಂಕ್ಸ್ ಬಾಕಿ ಇದೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಾನಾಗ ಪ್ರೈಮರಿ ಶಾಲೆಯ ಹುಡುಗಿ.

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳು. ದೊಡ್ಡ ಬಸ್ಸು ತಿರುಗುವುದು ಕಷ್ಟ, ಅದಕ್ಕೇ ಅಲ್ಲಿ ಮಿನಿ ಬಸ್ಸು. ರಜೆಗೆ ಅಜ್ಜಿ ಮನೆಗೆ ಹೋಗುವುದೆಂದರೆ ನನಗೆ ವಾಂತಿಯ ಭಯ. ಅವತ್ತು ಇಳಿಜಾರು ಶುರುವಾಗುತ್ತಿದ್ದಂತೆ ನೀವು ನನ್ನನ್ನು ಹಿಂದಿನ ಸೀಟಿನಿಂದ ಎಬ್ಬಿಸಿ, ಮುಂದೆ ಕೂರಿಸಿದಿರಿ. ಕೈಗೊಂದು ನಿಂಬೆಹಣ್ಣು ಕೊಟ್ಟಿರಿ. "ಕಣಿವೆ ನೋಡ್ಬೇಡ ಮಗಾ, ರಸ್ತೆ ನೋಡು. ತಿರುವು ಎಣಿಸು" ಅಂದಿರಿ. ಸೋಮೇಶ್ವರ ಬಂದಾಗ ನನ್ನ ಲೆಕ್ಕ 13. ನೀವು ಒಪ್ಪಲೇ ಇಲ್ಲ! ಟಿಕೆಟ್ ಹರಿಯುವ ಗಡಿಬಿಡಿಯಲ್ಲೂ ವಾದಕ್ಕೆ ನಿಂತಿರಿ. ಅಮ್ಮ ನಗುತ್ತಿದ್ದರು.

ನಿಮ್ಮ ಉಪಾಯದಲ್ಲಿ ಹುರುಳಿತ್ತು ಅಂತ ಆಮೇಲೆ ತಿಳಿಯಿತು. ಕಣ್ಣು ಹೇಳುವುದಕ್ಕೂ ಒಳಗಿವಿ ಹೇಳುವುದಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ದೂರದ ರಸ್ತೆ ನೋಡಿದರೆ ಎರಡೂ ಹೊಂದುತ್ತವೆ. ನಿಂಬೆಹಣ್ಣಿನ ವಿಷಯ ಬಿಡಿ, ಅದು ಧೈರ್ಯಕ್ಕೆ ಇರಬೇಕು.

ಆಮೇಲೆ ಚಾರ್ಮಾಡಿ, ಶಿರಾಡಿ, ಬಾಬಾಬುಡನ್‌ಗಿರಿ ಎಲ್ಲ ಸುತ್ತಿದೆ. ಗೋಲಗುಮ್ಮಟ ನೋಡಲು ವಿಜಯಪುರಕ್ಕೂ ಹೋದೆ. ಅಲ್ಲಿ ರಸ್ತೆ ನೇರ, ಎಣಿಸಲು ಏನೂ ಇರಲಿಲ್ಲ, ಸುಮ್ನೆ ಜೋಳದ ಹೊಲ ನೋಡಿದೆ. ಭಯ ಹೋಗದಿದ್ದರೆ ನಮ್ಮ ರಾಜ್ಯವನ್ನು ಇಷ್ಟು ಸುತ್ತುತ್ತಿರಲಿಲ್ಲ ಅಲ್ವಾ?

ಆ ದಾರಿಯಲ್ಲಿ ಹಿಂದೆ ಕೆಲಸ ಮಾಡಿದವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಅವರಿಗೆ ತಲುಪಿಸಿ. ತುಂಬಾ ಥ್ಯಾಂಕ್ಸ್ ಅಣ್ಣಾ.